ತವರದ ಹೊಂಡಗಳ ನೀರೊಳಗೆ

ಇವತ್ತಿನ ಮಾತು ನೀರಿನ ಬಗ್ಗೆ. ಮಲೇಷ್ಯಾದಲ್ಲಿ ನೀರೊಳಗಿನ ಫೋಟೋ ಅಂದ ತಕ್ಷಣ ನಿಮಗೆ ಸಿಪಾದಾನ್, ತಿಯೋಮಾನ್, ಪೆರ್ಹೆಂಟಿಯಾನ್ ದ್ವೀಪಗಳು ನೆನಪಾಗುತ್ತವೆ. ಹವಳ, ಆಮೆ, ಬಣ್ಣಬಣ್ಣದ ಮೀನು. ನಾನು ಹೇಳಹೊರಟಿರುವುದು ಆ ಉಪ್ಪುನೀರಿನ ಕಥೆಯಲ್ಲ. ನೀವು ಕಾರಿನ ಕಿಟಕಿಯಿಂದ ನೋಡಿ ಮರೆತುಬಿಡುವ ಸಿಹಿನೀರಿನ ಹೊಂಡಗಳದು.

ಸುಂಗೈ ಬೆಸಿಯ ಮೈನ್ಸ್ ಮಾಲ್‌ಗೆ ನೀವೆಲ್ಲ ಹೋಗಿರುತ್ತೀರಿ. ಅದರ ಪಕ್ಕದ ದೊಡ್ಡ ಕೆರೆಯನ್ನು ಯಾರು ಕಟ್ಟಿಸಿದರು ಎಂದು ಯಾವತ್ತಾದರೂ ಕೇಳಿಕೊಂಡಿದ್ದೀರಾ? ಉತ್ತರ ಹೆಸರಿನಲ್ಲೇ ಇದೆ. ಮೈನ್ಸ್ ಎಂದರೆ ಗಣಿಗಳು. ಅಲ್ಲಿದ್ದದ್ದು ಹಾಂಗ್ ಫಾಟ್ ಎಂಬ ತವರದ ಗಣಿ. ತೆರೆದ ಗುಂಡಿಯ ತವರದ ಗಣಿಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾಗಿದ್ದ ಜಾಗ ಅದು. ಸನ್‌ವೇ ಲಗೂನಿನಲ್ಲಿ ನೀವು ಜಾರುಬಂಡೆ ಆಡುವ ತಗ್ಗೂ ಹಳೆಯ ತವರದ ಗಣಿಯೇ. ತೈಪಿಂಗಿನ ಸುಂದರವಾದ ಕೆರೆ ತೋಟ ಕೂಡ ಗಣಿಗಾರರು ಬಿಟ್ಟುಹೋದ ಹೊಂಡಗಳಿಂದ ಆದದ್ದು. 1880ರಲ್ಲೇ ಅದನ್ನು ಸಾರ್ವಜನಿಕರ ತೋಟವಾಗಿ ಮಾಡಿದರು.

ತವರ ಎಂಬ ಪದ ನಿಮ್ಮಲ್ಲಿ ಕೆಲವರಿಗೆ ಹೊಸದಿರಬಹುದು. ಹೆಣ್ಣುಮಕ್ಕಳ ತವರು ಬೇರೆ, ಈ ತವರ ಬೇರೆ. ಮಲಯದಲ್ಲಿ ‘ತಿಮಾ’ ಎನ್ನುವ ಲೋಹ ಇದು. ನಿಮ್ಮ ಅಜ್ಜಿಯರ ಕಾಲದಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದ, ಪಾತ್ರೆಯನ್ನು ಕಾಯಿಸಿ ಒಳಗೆ ಬೆಳ್ಳಗೆ ಹೊಳೆಯುವ ಲೋಹವನ್ನು ಒರೆಸುತ್ತಿದ್ದ. ಆ ಲೋಹ ತವರ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಮಾಡಿದರೆ ಕಿಲುಬು ಬಿಟ್ಟು ಅಡುಗೆ ಕೆಡುತ್ತಿತ್ತು. ಹಳೆಯ ಅರಬ್ ಭೂಗೋಳಕಾರರು ಮಲಯ ಕರಾವಳಿಯಲ್ಲಿ ‘ಕಲಾಹ್’ ಎಂಬ ಬಂದರಿನ ಹೆಸರು ಹೇಳುತ್ತಾರೆ. ಅದು ತವರಕ್ಕೆ ಪ್ರಸಿದ್ಧವಾಗಿತ್ತು. ನಮ್ಮ ‘ಕಲಾಯಿ’ಗೂ ಆ ಊರಿನ ಹೆಸರಿಗೂ ನಂಟು ಹೇಳುವ ವಿದ್ವಾಂಸರಿದ್ದಾರೆ. ಹಾಗಿದ್ದರೆ ನಿಮ್ಮ ಪೂರ್ವಿಕರು ವಿಮಾನ ಹತ್ತುವ ಎಷ್ಟೋ ಮೊದಲೇ ಈ ದೇಶದ ಒಂದು ಪದ ನಮ್ಮ ಅಡುಗೆಮನೆಗೆ ಬಂದು ಕೂತಿತ್ತು.

ಈಗ ಹೊಂಡಗಳ ಕಥೆಗೆ ಬರೋಣ. ಕೋಲಾರದ ಚಿನ್ನದ ಗಣಿಯ ಬಗ್ಗೆ ನೀವು ಸಿನಿಮಾ ನೋಡಿಯಾದರೂ ಕೇಳಿದ್ದೀರಿ. ಅಲ್ಲಿ ಚಿನ್ನ ಗಟ್ಟಿಬಂಡೆಯೊಳಗೆ ಇತ್ತು. ಆದ್ದರಿಂದ ಕಿರಿದಾದ ಬಾವಿಯಂತೆ 3 ಕಿಲೋಮೀಟರಿಗೂ ಆಳಕ್ಕೆ ಕೊರೆದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಪಂಪು ನಿಂತಿತು, ನೀರು ಏರಿತು. ಆ ನೀರಿಗೆ ಬೆಳಕೇ ಇಲ್ಲ. ಮಲೇಷ್ಯಾದ ತವರ ಹಾಗಲ್ಲ. ಬೆಟ್ಟದ ಬಂಡೆ ಸವೆದು, ಮಳೆನೀರಿನಲ್ಲಿ ಕೊಚ್ಚಿಬಂದು, ಕಣಿವೆಯ ಮರಳು ಜಲ್ಲಿಯಲ್ಲಿ ಅದಿರು ಬೆರೆತು ಕೂತಿತ್ತು. ಅದನ್ನು ತೆಗೆಯಲು ಮೇಲಿನ ಮಣ್ಣನ್ನೆಲ್ಲ ಅಗೆದು, ನೀರು ಹಾಯಿಸಿ, ತೊಳೆಯಬೇಕು. ಮಣ್ಣು ಕೊಚ್ಚಿಹೋಗುತ್ತದೆ, ಭಾರವಾದ ಅದಿರು ತಳದಲ್ಲಿ ಉಳಿಯುತ್ತದೆ. ಹೀಗಾಗಿ ಇಲ್ಲಿನ ಗುಂಡಿಗಳು ಅಗಲವಾದವು, ಆಕಾಶಕ್ಕೆ ತೆರೆದವು. ಮಳೆ ಬಿದ್ದಾಗ ಕೆರೆಯಾದವು, ಬಿಸಿಲು ಬಿದ್ದಾಗ ಪಾಚಿ ಬೆಳೆಯಿತು, ಪಾಚಿಯ ಹಿಂದೆ ಮೀನು ಬಂತು. ಕೋಲಾರದ ಆಳದಲ್ಲಿ ಇದಾಗಲು ಸಾಧ್ಯವಿರಲಿಲ್ಲ.

ಕೌಲಾಲಂಪುರ ಎಂಬ ಊರು ಹುಟ್ಟಿದ್ದೂ ತವರದಿಂದಲೇ. 1857ರಲ್ಲಿ, ಅಂದರೆ ಭಾರತದಲ್ಲಿ ಸಿಪಾಯಿಗಳು ದಂಗೆಯೆದ್ದ ಅದೇ ವರ್ಷ, 87 ಮಂದಿ ಚೀನೀ ಗಣಿಗಾರರು ದೋಣಿಗಳಲ್ಲಿ ಕ್ಲಾಂಗ್ ನದಿಯ ಮೇಲ್ಗಡೆಗೆ ಹೊರಟರು. ಗೊಂಬಾಕ್ ನದಿ ಕೂಡುವ ಜಾಗದಲ್ಲಿ ಇಳಿದು ಕಾಡಿನೊಳಗೆ ನಡೆದು ಅಂಪಾಂಗ್ ತಲುಪಿ ಅಗೆಯತೊಡಗಿದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಉಳಿದವರು 18 ಮಂದಿ. ಮಿಕ್ಕವರನ್ನು ಮಲೇರಿಯಾ ತಿಂದಿತ್ತು. ಅವರ ಜಾಗಕ್ಕೆ ಮತ್ತಷ್ಟು ಜನರನ್ನು ಕಳಿಸಿದರು.

ನಮ್ಮ ಜನಪದದಲ್ಲಿ ‘ಕೆರೆಗೆ ಹಾರ’ ಎಂಬ ಹಾಡುಗಬ್ಬವಿದೆ. ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ, ಆಗ ಊರಗೌಡನ ಮನೆಯ ಸೊಸೆ ಭಾಗೀರಥಿಯನ್ನು ಕೆರೆಗೆ ಬಲಿ ಕೊಡುತ್ತಾರೆ. ಕನ್ನಡ ಓದಿದ ಯಾರಿಗೂ ಈ ಕಥೆ ಮರೆಯುವುದಿಲ್ಲ. ನಿಮ್ಮ ಊರಿನ ಈ ಹೊಂಡಗಳಿಗೂ ಹಾರ ಆದವರಿದ್ದಾರೆ. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಹಾಡಿನಲ್ಲೂ ಇಲ್ಲ.

20ನೆಯ ಶತಮಾನದ ಬಹುಭಾಗ ಮಲಯ ದೇಶ ಜಗತ್ತಿನ ಅತಿದೊಡ್ಡ ತವರದ ಉತ್ಪಾದಕನಾಗಿತ್ತು. ಡಬ್ಬಿಯಲ್ಲಿ ಆಹಾರ ಕೆಡದಂತೆ ಇಡುವ ವಿದ್ಯೆ ಬಂದಮೇಲೆ ಯುರೋಪು ಅಮೆರಿಕಗಳಿಗೆ ತವರ ಎಷ್ಟಿದ್ದರೂ ಸಾಲದು. ಮೊದಲು ಗುದ್ದಲಿ ಬುಟ್ಟಿ, ಆಮೇಲೆ ಪಂಪು, ಆಮೇಲೆ ನೀರಿನ ಮೇಲೆ ತೇಲುತ್ತಾ ನೆಲ ಅಗೆಯುವ ದೈತ್ಯ ಡ್ರೆಜರ್. ಪೆರಾಕ್‌ನ ತಂಜುಂಗ್ ತುಆಲಾಂಗ್‌ನಲ್ಲಿ 1938ರಲ್ಲಿ ಕಟ್ಟಿದ ಅಂಥದ್ದೊಂದು ಯಂತ್ರ ಈಗಲೂ ನಿಂತಿದೆ. 4,500 ಟನ್ ತೂಕ. ಈಪೋ ಕಡೆ ಹೋದಾಗ ನೋಡಿಬನ್ನಿ. ಕೊನೆಗೆ 1985ರ ಅಕ್ಟೋಬರ್ 24ರಂದು ಬೆಲೆ ಹಿಡಿದಿಡುತ್ತಿದ್ದ ಅಂತಾರಾಷ್ಟ್ರೀಯ ತವರ ಮಂಡಳಿಯ ಕೈಯಲ್ಲಿ ದುಡ್ಡು ಮುಗಿಯಿತು. ಲಂಡನ್ನಿನ ಪೇಟೆಯಲ್ಲಿ ತವರದ ವ್ಯಾಪಾರ ನಿಂತಿತು, ಬೆಲೆ ನೆಲಕಚ್ಚಿತು. ಗಣಿಗಳು ಒಂದರ ಹಿಂದೆ ಒಂದು ಮುಚ್ಚಿದವು. ಪಂಪು ನಿಲ್ಲಿಸಿ ಜನ ಮನೆಗೆ ಹೋದರು. ನೀರು ಉಳಿಯಿತು.

ಹಾಗಾದರೆ ಆ ನೀರಿನೊಳಗೆ ಏನಿದೆ? ಇದನ್ನು ತಿಳಿಯಲು ಬಹುಕಾಲ ಮನುಷ್ಯನಿಗೆ ಇದ್ದ ದಾರಿ ಒಂದೇ: ಗಾಳವೋ ಬಲೆಯೋ ಹಾಕಿ ಮೇಲಕ್ಕೆ ಎಳೆಯುವುದು. ಮೇಲೆ ಬಂದ ಮೀನು ಸತ್ತ ಮೀನು. ಅದರ ಹಲ್ಲು ಎಣಿಸಬಹುದು, ತೂಕ ನೋಡಬಹುದು. ಅದು ತನ್ನ ಮರಿಗಳನ್ನು ಹೇಗೆ ಕಾಯುತ್ತಿತ್ತು ಎಂದು ಕೇಳಲಾಗದು. ನೀರೊಳಗೆ ಕ್ಯಾಮೆರಾ ಇಳಿಸಿದ ಇತಿಹಾಸ ನನಗೆ ಮುಖ್ಯ ಅನಿಸುವುದು ಇದಕ್ಕೇ. ಕೊಲ್ಲದೆ, ಕದಲಿಸದೆ, ಇದ್ದಲ್ಲೇ ನೋಡುವುದನ್ನು ಮನುಷ್ಯ ಕಷ್ಟಪಟ್ಟು ಕಲಿತ ಕಥೆ ಅದು.

1856ರಲ್ಲಿ ಇಂಗ್ಲೆಂಡಿನ ವೇಮತ್ ಕೊಲ್ಲಿಯಲ್ಲಿ ವಿಲಿಯಂ ಥಾಂಪ್ಸನ್ ಎಂಬಾತ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ದೋಣಿಯಿಂದ ಕೆಳಗೆ ಬಿಟ್ಟ. ಪೆಟ್ಟಿಗೆಯೊಳಗೆ ನೀರು ನುಗ್ಗಿತು. ಆದರೂ ಮಸುಕಾಗಿ ಒಂದು ಚಿತ್ರ ಬಂತು. 1893ರಲ್ಲಿ ಫ್ರಾನ್ಸಿನ ಜೀವಶಾಸ್ತ್ರಜ್ಞ ಲೂಯಿ ಬೂತಾನ್ ಬನ್ಯುಲ್ಸ್ ಎಂಬಲ್ಲಿ ಮುಳುಗುಗಾರನ ಉಡುಪು ತೊಟ್ಟು ತಾನೇ ಕೆಳಗಿಳಿದು ಚಿತ್ರ ತೆಗೆದ. ಇವೆರಡೂ ಸಮುದ್ರದಲ್ಲಿ.

ಸಿಹಿನೀರಿನ ಕಡೆ ತಿರುಗಿದವರು ಕಡಿಮೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೇಕಬ್ ರೀಗರ್ಡ್ ಅಂಥವರಲ್ಲಿ ಒಬ್ಬರು. ಬೋಫಿನ್ ಎಂಬ ಕೆರೆಮೀನಿನ ಗಂಡು ಗೂಡು ಕಟ್ಟಿ ಮರಿ ಕಾಯುವುದನ್ನು ಅವರು ದಿನಗಟ್ಟಲೆ ಕಾದು ಗಮನಿಸಿದರು. ನೀರಿನ ಜೀವಿಗಳನ್ನು ಅವು ಇರುವಲ್ಲೇ ಫೋಟೋ ತೆಗೆಯುವುದು ಹೇಗೆ ಎಂದು 1908ರಲ್ಲಿ ವಿವರವಾಗಿ ಬರೆದರು. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ವಾರ್ಡ್ ಎಂಬ ವೈದ್ಯರು ಬೇರೆ ಉಪಾಯ ಮಾಡಿದರು. ಕೊಳದ ಪಕ್ಕದಲ್ಲಿ ನೆಲದೊಳಗೆ ಕತ್ತಲೆ ಕೋಣೆ ಕಟ್ಟಿಸಿ, ನೀರಿನ ಕಡೆ ಗಾಜು ಹಾಕಿಸಿ, ಒಳಗೆ ಕೂತರು. ಕತ್ತಲಲ್ಲಿ ಕೂತವರನ್ನು ಬೆಳಕಿನಲ್ಲಿರುವ ಮೀನು ಕಾಣಲಾರದು. 1911ರಲ್ಲಿ ಅವರ ಪುಸ್ತಕ ಬಂತು. 1926ರಲ್ಲಿ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಫ್ಲಾರಿಡಾದ ಕಡಲಲ್ಲಿ ಮೊದಲ ಬಣ್ಣದ ಚಿತ್ರ ತೆಗೆದರು. ಬೆಳಕಿಗಾಗಿ ಅವರು ತೆಪ್ಪದ ಮೇಲೆ ಮೆಗ್ನೀಷಿಯಂ ಪುಡಿ ಸಿಡಿಸಬೇಕಾಯಿತು! 1943ರಲ್ಲಿ ಕೂಸ್ಟೋ ಮತ್ತು ಗಾನ್ಯಾನ್ ಉಸಿರಾಟದ ಉಪಕರಣ ರೂಪಿಸಿದ ಮೇಲೆ ಸಾಮಾನ್ಯರೂ ಬೆನ್ನಿಗೆ ಸಿಲಿಂಡರ್ ಕಟ್ಟಿ ಇಳಿಯುವಂತಾಯಿತು. 1963ರಲ್ಲಿ ನಿಕೋನೋಸ್ ಬಂತು, ನೀರಿಗೆ ಹೆದರದ ಕ್ಯಾಮೆರಾ.

ಆಗಲೇ ನೀರು ತುಂಬಿದ ಹಳೆಯ ಕಲ್ಲುಕ್ವಾರಿಗಳಿಗೆ ಹೊಸ ಜೀವ ಬಂದದ್ದು. ಇಂಗ್ಲೆಂಡಿನ ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಗ್ರಾನೈಟ್ ಕ್ವಾರಿ. ಅಗೆಯುವಾಗಲೇ ಊಟೆಯ ನೀರಿನ ಕಾಟವಿತ್ತು. 1958ರಲ್ಲಿ ಕ್ವಾರಿ ನಿಂತಾಗ ನೀರು ತುಂಬಿತು. ಕಡಲಿನಿಂದ ದೂರವಿದ್ದ ಡೈವರ್‌ಗಳು ಅಲ್ಲಿ ಕಲಿತರು. ಇವತ್ತು ಪೈಕ್, ಪರ್ಚ್ ಮೀನುಗಳನ್ನೂ ಸೀಗಡಿಯ ಬಳಗದ ಕ್ರೇಫಿಶ್ಶನ್ನೂ ಫೋಟೋ ತೆಗೆಯಲು ಜನ ಅಲ್ಲಿಗೆ ಹೋಗುತ್ತಾರೆ.

ಈ ಕೆಲಸ ಸುಲಭವಲ್ಲ. ನೀರಿನಲ್ಲಿ ಮೊದಲು ಮಾಯವಾಗುವ ಬಣ್ಣ ಕೆಂಪು. ಕೆಲವೇ ಮೀಟರು ಇಳಿದರೆ ಕುಂಕುಮ ಕಂದಾಗಿ ಕಾಣುತ್ತದೆ. ಆದ್ದರಿಂದ ಬೆಳಕು ಒಯ್ಯಬೇಕು. ಆದರೆ ಕ್ವಾರಿ ನೀರಿನಲ್ಲಿ ದೂಳಿನಂಥ ಮಣ್ಣಿನ ಕಣ ತೇಲುತ್ತಿರುತ್ತದೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಕಣಗಳೆಲ್ಲ ಹೊಳೆದು, ಮೀನಿನ ಬದಲು ಹಿಮ ಸುರಿದ ಚಿತ್ರ ಸಿಗುತ್ತದೆ. ಅದಕ್ಕೆ ಎರಡು ಉದ್ದ ತೋಳುಗಳ ತುದಿಯಲ್ಲಿ ದೀಪ ಇಟ್ಟು ಬದಿಯಿಂದ ಬೆಳಕು ಬೀಳಿಸುತ್ತಾರೆ. ಮೀನಿನ ತೀರಾ ಹತ್ತಿರ ಹೋಗುತ್ತಾರೆ, ಏಕೆಂದರೆ ನಡುವೆ ನೀರು ಕಡಿಮೆಯಿದ್ದಷ್ಟೂ ಚಿತ್ರ ಸ್ಪಷ್ಟ. ತಳಕ್ಕೆ ಕಾಲು ತಾಗಿಸುವಂತಿಲ್ಲ. ಒಂದು ಸಲ ಕೆಸರು ಎದ್ದರೆ ಆ ದಿನದ ಕೆಲಸ ಮುಗಿಯಿತು. ಒಟ್ಟಿನಲ್ಲಿ ಅವಸರದವರಿಗೆ ಹೇಳಿದ ವಿದ್ಯೆಯಲ್ಲ.

ಮಲೇಷ್ಯಾದ ಗಣಿಹೊಂಡದಲ್ಲಿ ಇಂಥ ಕಣ್ಣಿಗೆ ಕಾಣುವಂಥವು ಯಾವುವು? ಮೊದಲನೆಯದು ಟೋಮಾನ್. ಹಾವಿನ ತಲೆಯಂಥ ತಲೆ, ಮೀಟರಿಗೂ ಉದ್ದ ಬೆಳೆಯುವ ಬೇಟೆಗಾರ ಮೀನು. ಊರಿನ ಮೀನಂಗಡಿಯಲ್ಲಿ ಮುರ್ರೆಲ್ ಅಂತಾರಲ್ಲ, ಅದರ ಬಳಗ. ಇದು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಅದರ ಮರಿಗಳು ಕೆಂಪಗೆ ಇರುತ್ತವೆ. ನೂರಾರು ಮರಿ ಒಂದೇ ಚೆಂಡಿನಂತೆ ಗುಂಪಾಗಿ ಈಜುತ್ತವೆ, ಕೆಳಗೆ ಕತ್ತಲಲ್ಲಿ ಅಪ್ಪ ಅಮ್ಮ ಕಾವಲು. ಯಾರು ಹತ್ತಿರ ಬಂದರೂ ಏರಿ ಬರುತ್ತವೆ. ಗಾಳ ಹಾಕುವ ಕೆಲವರು ಇದನ್ನು ಬಲ್ಲರು. ಕೆಂಪು ಗುಂಪಿನ ಮೇಲೆ ಗಾಳ ಬೀಸಿದರೆ ಮರಿ ಕಾಯುವ ಮೀನು ಸಿಟ್ಟಿನಿಂದ ಕಚ್ಚುತ್ತದೆ. ತಾಯ್ತಂದೆ ಹೋದಮೇಲೆ ಮರಿಗಳು ಇತರ ಮೀನಿಗೆ ತುತ್ತು. ಒಂದೇ ನಡತೆ: ಗಾಳದವನಿಗೆ ಅದು ಉಪಾಯ, ಕ್ಯಾಮೆರಾದವನಿಗೆ ಅದು ಕಥೆ.

ಎರಡನೆಯದು ಕೆತುತು. ಕಂದು ಕಪ್ಪು ಚಿತ್ತಾರದ ಮೈ, ಹಗಲೆಲ್ಲ ತಳದಲ್ಲಿ ಕಲ್ಲಿನಂತೆ ಮಲಗಿರುತ್ತದೆ. ಚೀನೀ ಹೋಟೆಲಿನಲ್ಲಿ ‘ಸೂನ್ ಹಾಕ್’ ಎಂದು ದುಬಾರಿ ಬೆಲೆಗೆ ಮಾರುವುದು ಇದನ್ನೇ. ಇವೆರಡೂ ಈ ನೆಲದವು.

ಇನ್ನು ಹೊರಗಿನಿಂದ ಬಂದವು. ತಿಲಾಪಿಯಾ ಆಫ್ರಿಕಾದ ಮೀನು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಪಾನಿಯರ ಆಳ್ವಿಕೆಯಲ್ಲಿ, ಜಾವಾದ ಕಡೆಯಿಂದ ಇಲ್ಲಿಗೆ ಬಂತು. ಕರ್ನಾಟಕದ ಕೆರೆಗಳಿಗೂ ಅದು ಬಂದಿದೆ, ಅಲ್ಲಿ ಅದರ ಹೆಸರು ಜಿಲೇಬಿ ಮೀನು. ತಾಯಿ ತನ್ನ ಮೊಟ್ಟೆ ಮರಿಗಳನ್ನು ಬಾಯೊಳಗೇ ಇಟ್ಟು ಕಾಯುತ್ತಾಳೆ. ದಕ್ಷಿಣ ಅಮೆರಿಕದ ಪೀಕಾಕ್ ಬಾಸ್, ಹೊನ್ನಿನ ಮೈ, ಬಾಲದಲ್ಲಿ ಕಣ್ಣಿನಂಥ ಮಚ್ಚೆ, ಗಾಳದ ಮೋಜಿಗಾಗಿ ಬಿಟ್ಟದ್ದು. ಹಣೆ ಉಬ್ಬಿದ ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲೇ ಅಕ್ವೇರಿಯಂ ಷೋಕಿಗೆ ತಳಿ ಮಾಡಿದ ಮೀನು. ಷೋಕಿ ಮುಗಿದಮೇಲೆ ಜನ ಅದನ್ನು ಕೆರೆ ಹೊಳೆಗೆ ಸುರಿದರು. ಇವು ಸ್ಥಳೀಯ ಮೀನುಗಳ ಮರಿಯನ್ನೂ ಮೊಟ್ಟೆಯನ್ನೂ ತಿನ್ನುತ್ತವೆ.

ಇಲ್ಲೊಂದು ಮಾತು ಹೇಳಲೇಬೇಕು. ಪರದೇಶದಿಂದ ಬಂದು ಬೇರೂರಿದ ಮೀನು ಎಂದಾಗ, ಯಾರಾದರೂ ತಮಾಷೆಗೆ ‘ಹಾಗಾದರೆ ನಾವೂ ಅದೇ ಅಲ್ಲವೇ’ ಎನ್ನುತ್ತಾರೆ. ಕೆಲವೊಮ್ಮೆ ಬೇರೆಯವರು ತಮಾಷೆಯಿಲ್ಲದೆಯೂ ಅನ್ನಬಹುದು. ನಾನು ಈ ಹೋಲಿಕೆಯನ್ನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ಮೀನನ್ನು ಯಾರೋ ಬಕೆಟ್ಟಿನಲ್ಲಿ ತಂದು ಸುರಿದರು. ಅದಕ್ಕೆ ಈ ಕೆರೆಯ ಹಳೆಯ ಕಥೆ ತಿಳಿಯಲಾರದು, ನೆರೆಯವರ ಭಾಷೆ ಕಲಿಯಲಾರದು, ತನ್ನಿಂದ ಏನು ಹಾಳಾಯಿತೆಂದು ನೋಡಿ ಕೈ ತಡೆಯಲಾರದು. ಮನುಷ್ಯರಿಗೆ ಇವೆಲ್ಲ ಸಾಧ್ಯ. ನೀವು ಮಲಯ ಮಾತಾಡುತ್ತೀರಿ, ಗೆಳೆಯರಿಂದ ಕ್ಯಾಂಟನೀಸ್ ಕಲಿಯುತ್ತೀರಿ, ಮನೆಯಲ್ಲಿ ಕನ್ನಡ. ಇಲ್ಲಿನ ಹೊಂಡದ ಚರಿತ್ರೆಯನ್ನು ಕನ್ನಡದಲ್ಲಿ ಓದುತ್ತಿದ್ದೀರಿ! ಮೀನಿನ ವಿಷಯದಲ್ಲಿ ಹೊಣೆ ಮೀನಿನದಲ್ಲ, ಬಕೆಟ್ಟು ಹಿಡಿದವನದು. ಆದ್ದರಿಂದ ನಿಮ್ಮ ಮನೆಯ ಅಕ್ವೇರಿಯಂ ಮೀನನ್ನು ಯಾವ ಕಾರಣಕ್ಕೂ ಕೆರೆಗೆ ಬಿಡಬೇಡಿ. ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಬೇಕಾದವರಿಗೆ ಕೊಡಿ.

ಇನ್ನೊಂದು ಎಚ್ಚರಿಕೆ. ನೀರು ಚೆಂದ ಕಂಡ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ. ಸರವಾಕ್‌ನ ಬಾವು ಎಂಬ ಊರಿನಲ್ಲಿ ತಾಸಿಕ್ ಬೀರು, ಅಂದರೆ ನೀಲಿ ಕೆರೆ, ಇದೆ. ಅದು ಚಿನ್ನದ ಗಣಿ. ಆ ಊರಿನ ಚೀನೀ ಗಣಿಗಾರರು ಅದೇ 1857ರಲ್ಲಿ ಲಿಯು ಶಾನ್ ಬಾಂಗ್ ಮುಂದಾಳುತನದಲ್ಲಿ ಬಿಳಿಯ ರಾಜ ಜೇಮ್ಸ್ ಬ್ರೂಕ್ ವಿರುದ್ಧ ಎದ್ದು, ಸೋತು, ದಿಕ್ಕಾಪಾಲಾದರು. ಆಮೇಲೆ ಬಾರ್ನಿಯೋ ಕಂಪನಿ ಅಗೆದ ಗುಂಡಿ 1921ರಲ್ಲಿ ನೀರು ತುಂಬಿ ಕೆರೆಯಾಯಿತು. ನೋಡಲು ಚಿತ್ರಪಟ. ನೀರಿನಲ್ಲಿ ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದದ್ದು.

ತವರದ ಹೊಂಡಗಳೂ ಈಜುಕೊಳವಲ್ಲ. ದಡ ಥಟ್ಟನೆ ಕಡಿದಾಗುತ್ತದೆ, ತಳದ ಲೋಳೆಮಣ್ಣು ಕಾಲನ್ನು ಹಿಡಿಯುತ್ತದೆ. ನಿಮ್ಮ ವಯಸ್ಸಿನ ಮಕ್ಕಳು ಇಂಥ ಹೊಂಡದಲ್ಲಿ ಮುಳುಗಿದ ಸುದ್ದಿ ಮತ್ತೆ ಮತ್ತೆ ಪತ್ರಿಕೆಯಲ್ಲಿ ಬರುತ್ತದೆ. ಡೈವಿಂಗ್ ಕಲಿಯಬೇಕೆಂದಿದ್ದರೆ ತರಬೇತುದಾರರ ಜೊತೆ, ಅನುಮತಿಯಿರುವ ಜಾಗದಲ್ಲಿ ಕಲಿಯಿರಿ. ಹೊಂಡಕ್ಕೆ ಇಳಿಯಬೇಡಿ. ಆದರೆ ಸಾರ್ವಜನಿಕ ಕೆರೆ ತೋಟದ ಗಟ್ಟಿ ಕಟ್ಟೆಯ ಮೇಲೆ ನಿಂತು, ಕೋಲಿನ ತುದಿಗೆ ಚಿಕ್ಕ ನೀರೊಳಗಿನ ಕ್ಯಾಮೆರಾ ಕಟ್ಟಿ ಇಳಿಸಬಹುದಲ್ಲ? ಥಾಂಪ್ಸನ್ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ದೊಡ್ಡವರೊಬ್ಬರು ಜೊತೆಗಿರಲಿ. ಬಂದ ಚಿತ್ರವನ್ನು ತಾರೀಖು, ಜಾಗದ ಸಮೇತ ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದರೆ ಅದು ದಾಖಲೆಯಾಗುತ್ತದೆ. ಈ ಹೊಂಡಗಳಲ್ಲಿ ಎಷ್ಟನ್ನೋ ಮಣ್ಣು ತುಂಬಿ ಮನೆ ಕಟ್ಟಿದ್ದಾರೆ, ಇನ್ನೂ ಕಟ್ಟುತ್ತಾರೆ. ಮನೆ ಬೇಡ ಎನ್ನುವುದು ನನ್ನ ಮಾತಲ್ಲ. ತುಂಬುವ ಮೊದಲು ಒಳಗೆ ಯಾರಿದ್ದರು ಎಂದು ಯಾರಾದರೂ ಒಮ್ಮೆ ನೋಡಿರಲಿ ಎನ್ನುವುದಷ್ಟೆ.

ಕೊಲ್ಲದೆ ನೋಡುವುದು ಕ್ಯಾಮೆರಾ ಕಂಡುಹಿಡಿದವರಿಂದಲೇ ಶುರುವಾದದ್ದಲ್ಲ. ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಿರುತ್ತೀರಿ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನು ದೇವರ ಮೀನು, ಯಾರೂ ಹಿಡಿಯುವಂತಿಲ್ಲ. ಅವು ಮಹಶೀರ್ ಮೀನುಗಳು. ಇಲ್ಲಿ ಅದರ ಬಳಗಕ್ಕೆ ಕೆಲಾ ಎಂಬ ಹೆಸರು. ಸಬಾದ ಊರುಗಳಲ್ಲಿ ‘ತಾಗಾಲ್’ ಎಂಬ ಕಟ್ಟಳೆಯಿದೆ. ಹೊಳೆಯ ಒಂದು ಭಾಗದಲ್ಲಿ ಮೀನು ಹಿಡಿಯಬಾರದೆಂದು ಊರವರೇ ಸೇರಿ ತೀರ್ಮಾನಿಸಿ ಕಾಯುತ್ತಾರೆ. ರಾನಾವು ಬಳಿಯ ಮೊರೋಲಿ ಹೊಳೆಯಲ್ಲಿ ನೀರಿಗೆ ಕಾಲಿಟ್ಟರೆ ಮೀನುಗಳು ಬಂದು ಮುತ್ತಿಕೊಳ್ಳುತ್ತವೆ. ಒಂದು ಕಡೆ ದೇವರ ಹೆಸರು, ಇನ್ನೊಂದು ಕಡೆ ಊರಿನ ಒಪ್ಪಂದ. ಎರಡೂ ಕಡೆ ಮೀನಿಗೆ ಮನುಷ್ಯರ ಭಯವಿಲ್ಲ.

ಗಣಿಹೊಂಡಗಳಿಗೆ ದೇವರೂ ಇಲ್ಲ, ಕಟ್ಟಳೆಯೂ ಇಲ್ಲ. ಅವು ಯಾರೂ ಬೇಕೆಂದು ಕಟ್ಟದ ಕೆರೆಗಳು. ಈ ವಾರಾಂತ್ಯ ಮನೆಗೆ ಹತ್ತಿರದ ಒಂದಕ್ಕೆ ಅಪ್ಪ ಅಮ್ಮನ ಜೊತೆ ಹೋಗಿ, ಬೇಲಿಯ ಈಚೆಯೇ ನಿಂತು, ಹತ್ತು ನಿಮಿಷ ಸುಮ್ಮನೆ ನೀರು ನೋಡಿ. ಮೇಲ್ಮೈಯಲ್ಲಿ ಎಲ್ಲಾದರೂ ಕೆಂಪಗೆ ಕುದಿಯುವಂತೆ ಕಂಡರೆ ಅದು ಟೋಮಾನ್ ಮರಿಗಳು, ಕೆಳಗೆ ಹಿರಿಯರಿದ್ದಾರೆ. ಕಂಡದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು ನಮ್ಮ ರೇಡಿಯೋಗೆ ಕಳಿಸಿ. ತಪ್ಪಿದ್ದರೆ ತಿದ್ದೋಣ, ಓದಿ ಎಲ್ಲರಿಗೂ ಕೇಳಿಸೋಣ.